ಹಿಟ್ಟಿನ ಹುಂಜ ಮತ್ತು ಹಾಸ್ಯದ ಮಾತು

ಹಿಂಸೆ ಎಂದೊಡನೆ ನಮ್ಮ ಮನಸ್ಸು ರಕ್ತವನ್ನು ನೆನೆಯುತ್ತದೆ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮೊದಲು ಉಣ್ಣುವ, ನೆಲ ನೋಡಿ ಹೆಜ್ಜೆಯಿಡುವ ಮನೆತನಗಳಲ್ಲಿ ಬೆಳೆದವರಿಗೆ ಇದು ಸಹಜವೇ. ಆದರೆ ರಕ್ತ ಕಾಣದ ಹಿಂಸೆಯೊಂದು ನಮ್ಮ ಪಡಸಾಲೆಗಳಲ್ಲಿ, ಶಾಲೆಯ ಕೊಠಡಿಗಳಲ್ಲಿ, ಮದುವೆಯ ಚಪ್ಪರಗಳಲ್ಲಿ ದಿನವೂ ನಡೆಯುತ್ತಿದೆ. ಅದಕ್ಕೆ ಗುರಿಯಾಗುವವರು ಹೆಚ್ಚಾಗಿ ಹದಿಹರೆಯದ ಮಕ್ಕಳು. ಕರಿಯ, ಡುಮ್ಮಿ, ಕಡ್ಡಿ, ಗಂಡುಬೀರಿ, ಹೆಣ್ಣಿಗ, ಅಪ್ಪನ ಹೆಸರಿಲ್ಲದವನು ಎಂಬ ಈ ಮಾತುಗಳನ್ನು ಆಡುವವನು ಮರುಗಳಿಗೆ ಮರೆಯುತ್ತಾನೆ. ಕೇಳಿದ ಮಗು ಜೀವಮಾನವೆಲ್ಲ ಹೊರುತ್ತದೆ. ಇದನ್ನು ತಮಾಷೆಯೆಂದು ಬಿಡಬಹುದೆ, ಇಲ್ಲವೆ ಹಿಂಸೆಯೆಂದೇ ಎಣಿಸಬೇಕೆ? ಅಣುವ್ರತಿಯಾದ ಶ್ರಾವಕನು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರನು.

ನಾನು ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಸೀಮೆಯವನು. ನಾಲ್ಕು ದಶಕಗಳಿಗೂ ಹಿಂದಿನ ಮಾತು. ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬಿಸುತ್ತಿದ್ದ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ನಿಲ್ಲಿಸಿ ತಂದೆಯ ಹೆಸರು ಕೇಳುತ್ತಿದ್ದರು. ಹಿಂದಿನ ಸಾಲಿನ ಹುಡುಗನೊಬ್ಬನ ಸರದಿ ಬಂತು. ಅವನು ತಲೆ ತಗ್ಗಿಸಿ ನಿಂತನು. ಮತ್ತೆ ಕೇಳಿದಾಗ, “ನಮ್ಮವ್ವನ ಹೆಸರು ಬರ್ಕಳ್ರಿ ಸಾರ್” ಎಂದನು. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆನು. ಅವನ ತಾಯಿ ದೇವರಿಗೆ ಬಿಟ್ಟವಳೆಂಬುದು ಎಲ್ಲರಿಗೂ ತಿಳಿದಿತ್ತು. ಮರುದಿನದಿಂದ ಆ ಹುಡುಗ ಶಾಲೆಗೆ ಬರಲಿಲ್ಲ. ವರ್ಷಗಳ ಮೇಲೆ ಶೇಂಗಾ ಚೀಲ ಹೊರುತ್ತಿದ್ದ ಅವನನ್ನು ಸಂತೆಯಲ್ಲಿ ಕಂಡೆನು. ಅವನೇ ಗುರುತು ಹಿಡಿದು “ಆರಾಮಿದೀಯೇನಪ್ಪ” ಎಂದು ವಿಚಾರಿಸಿದನು. ನನಗೆ ಉತ್ತರ ಹೊರಡಲಿಲ್ಲ. ಆ ದಿನ ನಾನು ಯಾರನ್ನೂ ಹೊಡೆದಿರಲಿಲ್ಲ, ಬೈದಿರಲಿಲ್ಲ, ಕೇವಲ ನಕ್ಕಿದ್ದೆನು.

ಈ ಸೀಮೆಯ ಕಥೆ ತಿಳಿದವರಿಗೆ ಇದು ಒಬ್ಬ ಹುಡುಗನ ಸಂಗತಿಯಲ್ಲವೆಂಬುದು ಗೊತ್ತು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಹಳ್ಳಿಗಳಲ್ಲಿ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುವ ರೂಢಿ ಬಹುಕಾಲ ನಡೆಯಿತು. 1953ರವರೆಗೆ ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿತ್ತು; ಮದರಾಸಿನಲ್ಲಿ 1947ರಲ್ಲಿಯೇ ಈ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯಾಯಿತು. ಕರ್ನಾಟಕದ ಕಾಯ್ದೆ 1982ರದು. ಕಾನೂನು ಬಂದರೂ ಆ ತಾಯಂದಿರ ಮಕ್ಕಳ ಹೆಗಲಿನಿಂದ ಹೆಸರಿನ ಹೊರೆ ಇಳಿಯಲಿಲ್ಲ. ಅವಿವಾಹಿತ ತಾಯಿ ತಂದೆಯ ಹೆಸರನ್ನು ಹೇಳದೆಯೇ ಮಗುವಿನ ಜನನ ಪ್ರಮಾಣಪತ್ರ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2015ರಲ್ಲಿ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ತಂದೆತಾಯಿಯರಲ್ಲಿ ಒಬ್ಬರ ಹೆಸರು ಸಾಕೆಂಬ ನಿಯಮ ಬಂದದ್ದು 2016ರ ಕೊನೆಯಲ್ಲಿ. ಅರ್ಜಿಯ ಅಂಕಣವನ್ನು ಸರ್ಕಾರ ತಿದ್ದಬಹುದು. ಅಂಕಣ ಖಾಲಿಯಿದ್ದಾಗ ನಗುವ ತುಟಿಯನ್ನು ತಿದ್ದುವವರು ಯಾರು?

ಇಲ್ಲಿ ನಮಗೆ ಜನ್ನನ ನೆನಪಾಗಬೇಕು. 1209ರಲ್ಲಿ ರಚಿತವಾದ ‘ಯಶೋಧರ ಚರಿತೆ’ಯ ಅರಸನು ಜೀವಂತ ಪ್ರಾಣಿಯನ್ನು ಕೊಲ್ಲಲೊಪ್ಪದೆ, ತಾಯಿಯ ಮಾತನ್ನು ಮೀರಲೂ ಆಗದೆ, ಹಿಟ್ಟಿನ ಹುಂಜವನ್ನು ಬಲಿಗೊಡುತ್ತಾನೆ. ಪ್ರಾಣವಿಲ್ಲ, ರಕ್ತವಿಲ್ಲ, ನೋವಿಲ್ಲ; ಆದರೂ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತೊಳಲಬೇಕಾಗುತ್ತದೆ. ಕೊಲ್ಲುವ ಸಂಕಲ್ಪವೇ ಹಿಂಸೆ ಎಂಬುದು ಆ ಕಾವ್ಯದ ತಿರುಳು. ಹಾಗಾದರೆ ನಮ್ಮ ಹಾಸ್ಯದ ಮಾತು ಯಾವ ಲೆಕ್ಕಕ್ಕೆ ಸೇರುತ್ತದೆ? ಹಿಟ್ಟಿನ ಹುಂಜಕ್ಕೆ ನೋಯುವ ಮೈಯಿರಲಿಲ್ಲ. ಹದಿನೈದರ ಹುಡುಗಿಗೆ ನೋಯುವ ಮೈಯೂ ಇದೆ, ಮನಸ್ಸೂ ಇದೆ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ವ್ಯಾಪಾರದಿಂದ ಪ್ರಾಣಕ್ಕೆ ಬಾಧೆಯಾಗುವುದೇ ಹಿಂಸೆಯೆಂದು ಉಮಾಸ್ವಾಮಿಗಳು ಲಕ್ಷಣ ಹೇಳಿರುವಾಗ ನಾಲಗೆಗೆ ವಿನಾಯಿತಿ ಎಲ್ಲಿಂದ ಬಂತು?

ಕರ್ಮಸಿದ್ಧಾಂತವನ್ನು ಬಲ್ಲವರು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ದೇಹದ ಆಕಾರ, ಬಣ್ಣ, ಎತ್ತರಗಳು ನಾಮಕರ್ಮದ ಫಲ. ಸಮಚತುರಸ್ರದಿಂದ ಹಿಡಿದು ಕುಬ್ಜ, ವಾಮನ, ಹುಂಡದವರೆಗೆ ಆರು ಬಗೆಯ ಸಂಸ್ಥಾನಗಳನ್ನು ಶಾಸ್ತ್ರ ಎಣಿಸುತ್ತದೆ. ಆದರೆ ನಾಮಕರ್ಮವು ಅಘಾತಿ. ಆತ್ಮನ ಜ್ಞಾನದರ್ಶನಾದಿ ಗುಣಗಳನ್ನು ಅದು ಘಾತಿಸದು. ಹಾಸ್ಯ ಮತ್ತು ಜುಗುಪ್ಸೆಗಳಾದರೋ ನೋಕಷಾಯಗಳು. ಅವು ಸೇರುವುದು ಮೋಹನೀಯಕ್ಕೆ, ಅಂದರೆ ಘಾತಿಕರ್ಮಕ್ಕೆ. ಗೂನುಬೆನ್ನಿನ ಹುಡುಗನ ಆತ್ಮಕ್ಕೆ ಗೂನಿನಿಂದ ಕೊರತೆಯಿಲ್ಲ. ಅದನ್ನು ಕಂಡು ಹೇಸುವವನ, ನಗುವವನ ಆತ್ಮಕ್ಕೆ ಕೊರತೆಯಿದೆ. ನಮ್ಮ ಕಣ್ಣು ರೋಗವನ್ನು ತಪ್ಪು ಮೈಯಲ್ಲಿ ಹುಡುಕುತ್ತಿದೆ.

ಇಲ್ಲಿ ಒಂದು ಅಪಾಯವುಂಟು. “ಅವರವರ ಕರ್ಮ, ಅವರು ಅನುಭವಿಸುತ್ತಾರೆ” ಎಂಬ ಮಾತು ನಮ್ಮ ನಡುವೆ ಸುಲಭವಾಗಿ ಸಂಚರಿಸುತ್ತದೆ. ಕರ್ಮವಿಚಾರವು ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು ಹಿಡಿಯಬೇಕಾದ ಕನ್ನಡಿಯೇ ಹೊರತು ಇನ್ನೊಬ್ಬರ ಬೆನ್ನಿಗೆ ಬಾರಿಸುವ ಬೆತ್ತವಲ್ಲ. ಪರನಿಂದೆ ಮತ್ತು ಆತ್ಮಪ್ರಶಂಸೆಗಳೇ ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ಅದೇ ತತ್ವಾರ್ಥಸೂತ್ರ ಹೇಳುತ್ತದೆ. ಮತ್ತೊಬ್ಬರ ಕುಲವನ್ನು ಕೀಳೆಂದವನು ತಾನೇ ಕೀಳಿನ ದಾರಿ ಹಿಡಿದಂತಾಯಿತು.

ಇನ್ನೊಂದು ತಪ್ಪು ಉಪದೇಶವೂ ಇದೆ. ಅಪಹಾಸ್ಯಕ್ಕೊಳಗಾಗಿ ಅಳುವ ಮಗುವಿಗೆ, “ದೇಹ ನಶ್ವರ, ಅದಕ್ಕೇಕೆ ದುಃಖಿಸುವೆ?” ಎನ್ನುತ್ತೇವೆ. ಮಾತು ಸತ್ಯವೇ, ಹೇಳಿದ ವಿಳಾಸ ತಪ್ಪು. ದೇಹ ನಶ್ವರವೆಂಬ ಪಾಠ ಮೊದಲು ಬೇಕಾದದ್ದು ದೇಹವನ್ನು ಅಳೆದು ತೂಗಿದವನಿಗೆ. ಸಮಂತಭದ್ರಾಚಾರ್ಯರು ಎಣಿಸಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳ ಜೊತೆಗೆ ದೇಹದ ಮದವೂ ಇದೆ. ಅಳುವವರ ಬಾಯಿಗೆ ವೈರಾಗ್ಯವನ್ನು ತುರುಕಿ ನಗುವವರನ್ನು ಸುಮ್ಮನೆ ಬಿಡುವುದು ಎರಡನೆಯ ಹಿಂಸೆ.

ನಮ್ಮ ಮನೆಗಳ ಹೆಣ್ಣುಮಕ್ಕಳನ್ನು ನೋಡೋಣ. ಬಿಳಿಯ ಬಣ್ಣವೇ ಚೆಲುವು ಎಂಬ ಭ್ರಮೆಯನ್ನು ಮಾರುಕಟ್ಟೆ ಬೆಳೆಸಿತು. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಮುಲಾಮಿನ ಹೆಸರಿನಿಂದ ‘ಫೇರ್’ ಎಂಬ ಪದ ಹೋಗಲು 2020ರವರೆಗೆ ಕಾಯಬೇಕಾಯಿತು. ಹೆಸರು ಬದಲಾದರೂ ವರಾನ್ವೇಷಣೆಯ ಪಟ್ಟಿಗಳಲ್ಲಿ ‘ಬೆಳ್ಳಗಿರಬೇಕು’ ಎಂಬ ಸಾಲು ಉಳಿದಿದೆ. ಈಗ ಅಂಗೈಯ ದೂರವಾಣಿಯೇ ಕನ್ನಡಿಯಾಗಿದೆ. ಆ ಕನ್ನಡಿ ಕೆನ್ನೆಯನ್ನು ತೆಳುಮಾಡಿ, ಬಣ್ಣವನ್ನು ತಿಳಿಮಾಡಿ ಸುಳ್ಳು ಹೇಳುತ್ತದೆ. ಆ ಸುಳ್ಳಿಗೆ ಸಮನಾಗಲು ಹುಡುಗಿಯರು ಊಟ ಬಿಡುತ್ತಾರೆ. ದಶಲಕ್ಷಣ ಪರ್ವದ ಉಪವಾಸವೂ ಆಹಾರತ್ಯಾಗವೇ, ತೆಳ್ಳಗಾಗಲು ಬಿಟ್ಟ ಊಟವೂ ಆಹಾರತ್ಯಾಗವೇ. ಒಂದು ದೇಹದ ಮೋಹವನ್ನು ಕರಗಿಸಲು. ಇನ್ನೊಂದು ಅದೇ ಮೋಹವನ್ನು ಬೆಳೆಸಲು. ಅನ್ನಪಾನ ನಿರೋಧವನ್ನು ಅಹಿಂಸಾಣುವ್ರತದ ಅತಿಚಾರವೆಂದು ಹೇಳಿದೆ. ಮಾತಿನಿಂದ ಮಗಳ ತಟ್ಟೆಯನ್ನು ಕಸಿದುಕೊಂಡ ತಾಯಿತಂದೆಗಳು ಆ ಅತಿಚಾರದಿಂದ ಮುಕ್ತರೆ? ಪರ್ವದ ದಿನಗಳಲ್ಲಿ ಮಕ್ಕಳ ವ್ರತವನ್ನು ಮೆಚ್ಚುವ ಮುನ್ನ ಅದರ ಹಿಂದಿರುವ ಭಾವವನ್ನು ಮೆಲ್ಲಗೆ ವಿಚಾರಿಸುವುದು ಹಿರಿಯರ ಕರ್ತವ್ಯ.

ಗಂಡುಮಕ್ಕಳ ಹೊರೆ ಬೇರೆ ಬಗೆಯದು. ಅಳಬಾರದು, ಅಂಜಬಾರದು, ದನಿ ಒರಟಾಗಿರಬೇಕು. ಇದಕ್ಕೆ ಹೊಂದದವನ ಪಾಡೇನು? ನಮ್ಮ ಸೀಮೆಯಲ್ಲಿಯೇ ಉತ್ತರವಿದೆ. ಹೊಸಪೇಟೆಯ ಬಳಿಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಗಂಡುಮಗುವೆಂದು ಮಂಜುನಾಥನಾಗಿ ಬೆಳೆದವರು. ಹದಿಹರೆಯದಲ್ಲಿ ತಮ್ಮೊಳಗೆ ಹೆಣ್ತನವನ್ನು ಕಂಡುಕೊಂಡಾಗ ಮನೆಯವರ ತಿರಸ್ಕಾರಕ್ಕೆ ಗುರಿಯಾದರು; ಬದುಕನ್ನೇ ಕೊನೆಗಾಣಿಸಿಕೊಳ್ಳಲು ಯತ್ನಿಸಿದರು, ಭಿಕ್ಷೆ ಬೇಡಿದರು. ಜೋಗತಿ ನೃತ್ಯ ಅವರ ಕೈ ಹಿಡಿಯಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಈಗ ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಪದ್ಮಶ್ರೀ ಬರದ, ಕುಣಿತ ಕಲಿಯದ, ಅದೇ ಬಗೆಯ ಮಕ್ಕಳು ಎಷ್ಟೋ! ಸಾಧಿಸಿ ತೋರಿಸಿದ ಮೇಲೆ ಕೊಡುವ ಗೌರವ ಗೌರವವೇ ಅಲ್ಲ, ಅದು ಸಂಬಳ. ಪುಂವೇದ, ಸ್ತ್ರೀವೇದ, ನಪುಂಸಕವೇದಗಳೆಂದು ಮೂರನ್ನು ಹೇಳಿ, ದ್ರವ್ಯ ಬೇರೆ ಭಾವ ಬೇರೆ ಆಗಬಹುದೆಂದು ಗುರುತಿಸಿದ ಪರಂಪರೆಯವರು ಇಂಥ ಮಕ್ಕಳ ಮುಂದೆ ಬೆಚ್ಚಿಬೀಳಬೇಕಾಗಿಲ್ಲ.

ಆತ್ಮಪರೀಕ್ಷೆ ಪೂರ್ಣವಾಗಬೇಕಾದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅಮೃತಮತಿಯ ಪತನವನ್ನು ಹೇಳುವಾಗ ಜನ್ನನು ಮಾವುತ ಅಷ್ಟಾವಂಕನ ಸೊಟ್ಟ ಅಂಗಾಂಗಗಳನ್ನು ಒಂದೊಂದಾಗಿ ವರ್ಣಿಸುತ್ತಾನೆ. ತರಗತಿಯಲ್ಲಿ ಆ ಭಾಗ ಬಂದಾಗ ಮಕ್ಕಳು ನಗುತ್ತಾರೆ. ಅದೇ ಕೊಠಡಿಯಲ್ಲಿ ಕಾಲು ಸೊಟ್ಟಗಿರುವ ಹುಡುಗನೊಬ್ಬ ಕುಳಿತಿದ್ದರೆ? ಕುರೂಪವನ್ನು ದುರ್ಗುಣದ ಗುರುತಾಗಿ ಕಾಣುವ ರೂಢಿ ನಮ್ಮ ಕಾವ್ಯದಲ್ಲಿಯೂ ಇದೆ. ಕಾವ್ಯವನ್ನು ಬಿಡಬೇಕಾಗಿಲ್ಲ, ಕಲಿಸುವವರು ಆ ಹುಡುಗನನ್ನು ಮರೆಯದೆ ಕಲಿಸಬೇಕು.

“ಹಾಗಾದರೆ ಸಮಾಜಕ್ಕೆ ನಿಯಮಗಳೇ ಬೇಡವೆ? ಮಕ್ಕಳನ್ನು ತಿದ್ದಬಾರದೆ?” ಎಂದು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಸುಳ್ಳು ಹೇಳಿದವನನ್ನು, ಸೋಮಾರಿಯನ್ನು ತಿದ್ದಬೇಕು. ಅದು ನಡತೆ, ಬದಲಿಸಿಕೊಳ್ಳುವ ಶಕ್ತಿ ಅವನಿಗಿದೆ. ಬಣ್ಣ, ಆಕಾರ, ಹುಟ್ಟು, ತಾಯಿಯ ಬಾಳು ಅವನ ನಡತೆಯಲ್ಲ. ಈ ಎರಡನ್ನು ಬೇರ್ಪಡಿಸುವುದೇ ವಿವೇಕ. ಅನೇಕಾಂತದ ದೃಷ್ಟಿಯಿಂದಲೂ ಇದು ಸ್ಪಷ್ಟ. “ಇವನು ಕಪ್ಪಗಿದ್ದಾನೆ” ಎಂಬುದು ಒಂದು ನಯ. “ಇವನು ಕಪ್ಪನೆಯವನು, ಅಷ್ಟೇ” ಎಂಬುದು ದುರ್ನಯ. ಅನಂತಧರ್ಮಾತ್ಮಕವಾದ ಜೀವವನ್ನು ಒಂದೇ ಅಡ್ಡಹೆಸರಿನಲ್ಲಿ ಮುಗಿಸಿಬಿಡುವುದು ಏಕಾಂತದ ಅತಿ ಸಾಮಾನ್ಯ ರೂಪ. ಅದಕ್ಕೆ ಪಂಡಿತರ ವಾದವೇ ಬೇಕಿಲ್ಲ, ಶಾಲೆಯ ಹಿಂದಿನ ಬೆಂಚು ಸಾಕು.

ನಾವು ಮಾಡಬಹುದಾದದ್ದು ಬಹಳ ಸಣ್ಣದು. ಮನೆಗೆ ಬಂದ ಮಗುವಿನ ಮೈಬಣ್ಣ, ತೂಕಗಳನ್ನು ಕುರಿತು ಮಾತೆತ್ತದಿರುವ ನಿಯಮವನ್ನು ಈ ವರ್ಷದ ವ್ರತಗಳ ಜೊತೆಗೆ ಸೇರಿಸಿಕೊಳ್ಳಬಹುದು. ಯಾರದೋ ಅಡ್ಡಹೆಸರಿಗೆ ನಗೆಯೆದ್ದಾಗ ನಗದೆ ಕುಳಿತಿರಬಹುದು. ಸಂಜೆಯ ಪ್ರತಿಕ್ರಮಣದಲ್ಲಿ ಕಣ್ಣಿಗೆ ಕಾಣದ ಜೀವಿಗಳ ಕ್ಷಮೆ ಕೇಳುವ ನಾವು ಅಂದು ಕಣ್ಣೆದುರಿಗೇ ನೋಯಿಸಿದ ಒಂದು ಮಗುವಿನ ಹೆಸರನ್ನೂ ನೆನೆಯಬಹುದು.

ಹಿಂದಿನ ಸಾಲಿನ ಆ ಹುಡುಗ ಅಂದು ಸುಳ್ಳು ಹೆಸರೊಂದನ್ನು ಹೇಳಿ ಪಾರಾಗಬಹುದಿತ್ತು. ಹೇಳಲಿಲ್ಲ, ತನ್ನ ತಾಯಿಯ ಹೆಸರನ್ನು ಎಲ್ಲರೆದುರು ಬರೆಸಲು ನಿಂತನು. ಆ ಕೊಠಡಿಯಲ್ಲಿ ಸತ್ಯವ್ರತವನ್ನು ಪಾಲಿಸಿದವನು ಅವನೊಬ್ಬನೇ. ಅಣುವ್ರತಗಳನ್ನು ಬಾಯಿಪಾಠ ಮಾಡಿದ್ದ ನಾನು ಅಂದು ನಕ್ಕವರ ಸಾಲಿನಲ್ಲಿದ್ದೆನು.