ಯಾರೂ ಕೊಡದ ದುಡ್ಡು

ನಮ್ಮೂರು ಬಾಗೂರು. ಹೇಮಾವತಿ ನೀರನ್ನು ತುಮಕೂರಿನ ಕಡೆ ಒಯ್ಯುವ ಬಾಗೂರು–ನವಿಲೆ ಸುರಂಗದಿಂದ ಹೊರಗಿನವರಿಗೂ ಆ ಹೆಸರು ಗೊತ್ತು. ಹೊಟ್ಟೆಪಾಡಿಗೆ ನಾನು ಬೆಂಗಳೂರಿನಲ್ಲಿ ಲೆಕ್ಕ ಬರೆಯುತ್ತೇನೆ. ಹೊರದೇಶದ ಅಂಗಸಂಸ್ಥೆಗಳ ಡಾಲರ್ ಲೆಕ್ಕವನ್ನು ರೂಪಾಯಿಗೆ ತಂದು ಮೂಲ ಕಂಪನಿಯ ಲೆಕ್ಕಕ್ಕೆ ಸೇರಿಸುವ ಕೆಲಸ. ವಸ್ತು ನಿಜಕ್ಕೂ ಬದಲಾಯಿತೋ, ಬದಲಾದದ್ದು ನೋಡುವವನ ನಿಲುವೋ ಎಂಬ ಹಳೆಯ ತರ್ಕ ನನಗೆ ಎದುರಾಗುವುದು ಈ ಮೇಜಿನ ಮೇಲೆಯೇ.

ಒಂದು ಲೆಕ್ಕ ನೋಡಿ. 2022ರ ಮಾರ್ಚ್ ಕೊನೆಗೆ ಡಾಲರಿಗೆ ಸುಮಾರು 76 ರೂಪಾಯಿ, ಮುಂದಿನ ಮಾರ್ಚ್ ಕೊನೆಗೆ ಸುಮಾರು 82. ಸರಾಸರಿ 80 ಎನ್ನೋಣ. ಅಮೆರಿಕದ ಅಂಗಸಂಸ್ಥೆಯ ಬ್ಯಾಂಕಿನಲ್ಲಿ ಮೊದಲು ಒಂದು ಲಕ್ಷ ಡಾಲರ್ ಇತ್ತು, ಅಂದರೆ 76 ಲಕ್ಷ ರೂಪಾಯಿ. ವರ್ಷವಿಡೀ ದುಡಿದು 20,000 ಡಾಲರ್ ಉಳಿಸಿದರು. ಸರಾಸರಿ ದರದಲ್ಲಿ 16 ಲಕ್ಷ. ಎರಡೂ ಸೇರಿ 92 ಲಕ್ಷ ಆಗಬೇಕು. ಆದರೆ ಕೊನೆಯ ದಿನದ ದರದಲ್ಲಿ 1,20,000 ಡಾಲರ್ ಎಂದರೆ 98 ಲಕ್ಷದ 40 ಸಾವಿರ. ಮಿಕ್ಕ 6 ಲಕ್ಷದ 40 ಸಾವಿರವನ್ನು ಯಾವ ಗಿರಾಕಿಯೂ ಕೊಟ್ಟಿಲ್ಲ, ಯಾವ ಬ್ಯಾಂಕೂ ಸಾಲವಾಗಿ ನೀಡಿಲ್ಲ.

ನಮ್ಮ ದೇಶದ ಲೆಕ್ಕಪತ್ರ ಮಾನದಂಡಗಳಲ್ಲೊಂದಾದ ಇಂಡ್ ಎಎಸ್ 7 ಇಲ್ಲಿ ಕಟ್ಟುನಿಟ್ಟು. ನಗದು ಹರಿದ ದಿನದ ದರ ಹಾಕು, ಅದಕ್ಕೆ ಹತ್ತಿರದ ಸರಾಸರಿಯಾದರೂ ಸರಿ, ವರ್ಷದ ಕೊನೆಯ ದರ ಮಾತ್ರ ಕೂಡದು ಎನ್ನುತ್ತದೆ. ಮಿಕ್ಕಿದ್ದನ್ನು ವ್ಯವಹಾರ, ಹೂಡಿಕೆ, ಹಣಕಾಸು ಈ ಮೂರರಲ್ಲಿ ಯಾವುದಕ್ಕೂ ತುರುಕದೆ ಬೇರೆಯೇ ಸಾಲಿನಲ್ಲಿ ತೋರಿಸಬೇಕು. ಅದು ಹರಿವೇ ಅಲ್ಲ.

ಇನ್ನು ಮೊದಲು ಹೇಳಿದ ಹಳೆಯ ತರ್ಕಕ್ಕೆ ಬರೋಣ. ಶ್ರವಣಬೆಳಗೊಳ ನಮ್ಮ ತಾಲ್ಲೂಕಿನದೇ. ಅಲ್ಲಿನ ಚಂದ್ರಗಿರಿಯ ಮೇಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಶಾಸನ ನೆನೆಯುವ ಜೈನ ಆಚಾರ್ಯರಲ್ಲಿ ಸಮಂತಭದ್ರರೂ ಒಬ್ಬರು. ಅವರ ‘ಆಪ್ತಮೀಮಾಂಸೆ’ಯಲ್ಲೊಂದು ದೃಷ್ಟಾಂತವಿದೆ. ಚಿನ್ನದ ಕೊಡವನ್ನು ಮುರಿದು ಕಿರೀಟ ಮಾಡುತ್ತಾರೆ. ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಹಿಗ್ಗು, ಚಿನ್ನವಷ್ಟೇ ಬೇಕಿದ್ದವನಿಗೆ ಎರಡೂ ಇಲ್ಲ. ಹುಟ್ಟು, ಅಳಿವು, ಉಳಿವು ಮೂರೂ ಒಂದೇ ವಸ್ತುವಿನಲ್ಲಿ ಒಟ್ಟಿಗಿವೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅಮೆರಿಕದ ಮ್ಯಾನೇಜರನಿಗೆ ಆ ವರ್ಷ 20,000 ಡಾಲರ್ ಬಿಟ್ಟು ಬೇರೇನೂ ಆಗಿಲ್ಲ. ಬೆಂಗಳೂರಿನ ಮಾಲೀಕರಿಗೆ ಮಾತ್ರ ಕಿರೀಟ ಕಾಣುತ್ತದೆ.

ಆದರೆ ನನ್ನದೊಂದು ತಕರಾರಿದೆ. ಆಚಾರ್ಯರ ದೃಷ್ಟಾಂತದ ತಳದಲ್ಲಿ ಚಿನ್ನವಿತ್ತು. 1971ರ ಆಗಸ್ಟಿನಲ್ಲಿ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ನಂಟು ಕಡಿದ ಮೇಲೆ ಹಣಕ್ಕೆ ಅಂಥ ತಳವಿಲ್ಲ. ಡಾಲರೂ ಒಂದು ಕೊಡವೇ. ಅದಕ್ಕೇ ಇಂಡ್ ಎಎಸ್ 21 ಪ್ರತಿ ಸಂಸ್ಥೆಯನ್ನೂ ನಿನ್ನ ವ್ಯವಹಾರದ ಕರೆನ್ಸಿ ಯಾವುದು ಎಂದು ಮೊದಲು ಕೇಳುತ್ತದೆ. ಉತ್ತರ ಮಾಲೀಕರ ಇಷ್ಟವಲ್ಲ. ಸಂಸ್ಥೆ ಮುಖ್ಯವಾಗಿ ಎಲ್ಲಿ ಗಳಿಸುತ್ತದೆ, ಎಲ್ಲಿ ಖರ್ಚು ಮಾಡುತ್ತದೆ ಎಂಬುದರ ಮೇಲೆ ನಿಂತಿದೆ. ಆಚಾರ್ಯರ ದೃಷ್ಟಾಂತದ ಹಿಂದಿರುವ ಅನೇಕಾಂತ, ಅಂದರೆ ಒಂದೇ ವಸ್ತುವಿಗೆ ಹಲವು ಮುಖಗಳಿವೆ ಎಂಬ ಜೈನ ನಿಲುವು, ಎಲ್ಲರೂ ಸರಿ ಎಂದು ಕೈತೊಳೆದುಕೊಳ್ಳುವುದೆಂದು ತಿಳಿದವರು ಬಹಳ. ನನ್ನ ಮಟ್ಟಿಗೆ ಅದು ಎಲ್ಲಿ ನಿಂತು ಮಾತಾಡುತ್ತಿದ್ದೀಯ ಎಂದು ಮೊದಲು ಹೇಳಿಕೊಳ್ಳುವ ಶಿಸ್ತು.

ಅಪ್ಪನಿಗೆ ಯಾರೂ ಕೊಡದ ಈ ದುಡ್ಡಿನ ಲೆಕ್ಕ ವಿವರಿಸಿದಾಗ ಅವರು ಅಟ್ಟದ ಕಡೆ ಕೈ ತೋರಿಸಿದರು. ಅಲ್ಲಿ ಉಂಡೆ ಕೊಬ್ಬರಿಗೆಂದು ಹರವಿದ ಕಾಯಿ. ತಿಪಟೂರಿನ ರೇಟು ಏರಿದ ವಾರ. “ಮಾರಿದ್ರೆ ತಾನೆ ದುಡ್ಡು? ಅಟ್ಟದ ಮೇಲಿದ್ರೆ ಕಾಯೇ” ಎಂದರು. ಕಾನೂನೂ ಅದನ್ನೇ ಹೇಳುತ್ತದೆ. ಇಡೀ ಅಂಗಸಂಸ್ಥೆಯ ಲೆಕ್ಕ ರೂಪಾಯಿಗೆ ತರುವಾಗ ಹುಟ್ಟುವ ವ್ಯತ್ಯಾಸ, ಆ ಸಂಸ್ಥೆಯನ್ನು ಮಾರುವವರೆಗೆ ಲಾಭ-ನಷ್ಟಕ್ಕೆ ಬಾರದೆ ಪ್ರತ್ಯೇಕ ನಿಧಿಯಲ್ಲಿ ಕೂರುತ್ತದೆ. ಕಂಪನಿ ಕಾಯ್ದೆಯ 123ನೇ ಕಲಮು ಕೈಗೆ ಬಾರದ ಲಾಭದಿಂದ ಡಿವಿಡೆಂಡ್ ಹಂಚಲು ಬಿಡುವುದಿಲ್ಲ.

ಇನ್ಫೋಸಿಸ್‌ನಂಥ ಕಂಪನಿಯ ವಾರ್ಷಿಕ ವರದಿ ಕೈಗೆ ಸಿಕ್ಕರೆ ಲಾಭದ ಪುಟದಲ್ಲೇ ನಿಲ್ಲಬೇಡಿ. ನಗದು ಹರಿವಿನ ಪಟ್ಟಿಯ ಬುಡಕ್ಕೆ ಹೋಗಿ, ವಿನಿಮಯ ದರದ ಪರಿಣಾಮ ಎಂಬ ಸಾಲು ಓದಿ. ದುಡಿದದ್ದೆಷ್ಟು, ದರ ಏರಿ ಊದಿದ್ದೆಷ್ಟು ಎಂದು ಬೇರೆ ಮಾಡಿ ಒಪ್ಪಿಕೊಳ್ಳುವ ಜಾಗ ಅದು.