ಬೀದಿಯ ಹಕ್ಕು, ಗೋಷ್ಠಿಯ ಪೀಠ

ಅಭಿಮಾನವೆಂಬ ಮಾತನ್ನು ಕೇಳಿದೊಡನೆ ಶರಣಮಾರ್ಗದಲ್ಲಿ ನಡೆಯುವ ಸದ್ಭಕ್ತನ ಮನಸ್ಸು ಕೊಂಚ ಹಿಂಜರಿಯುವುದು ಸಹಜ. ಅಹಂಕಾರವನ್ನು ಅಳಿದು ಕಿಂಕರಭಾವದಿಂದ ಬಾಳಬೇಕೆಂಬುದು ಶರಣರ ಬೋಧೆ. ಹೀಗಿರಲು, ಲಿಂಗತ್ವ ಅಲ್ಪಸಂಖ್ಯಾತರೂ ಸಲಿಂಗಪ್ರೇಮಿಗಳೂ ಅಭಿಮಾನದ ಹೆಸರಿನಲ್ಲಿ ಬಣ್ಣದ ಬಾವುಟಗಳನ್ನು ಹಿಡಿದು ನಡೆಸುವ ಪ್ರೈಡ್ ಉತ್ಸವವನ್ನು ಹೇಗೆ ಗ್ರಹಿಸತಕ್ಕದ್ದು? ಬೆಂಗಳೂರಿನಲ್ಲಿ 2008ರಲ್ಲಿ ಮೊದಲಾದ ಈ ಮೆರವಣಿಗೆಯು ಬೀದರ, ಭಾಲ್ಕಿ, ಔರಾದಗಳ ಅನೇಕ ಗೃಹಸ್ಥರಿಗೆ ದೂರದ ಸುದ್ದಿಯಾಗಿ ತೋರಬಹುದು. ಆದರೆ ಅದು ಎತ್ತುವ ಪ್ರಶ್ನೆ ದೂರದ್ದಲ್ಲ.

ಈ ಮೂರು ಊರುಗಳೂ ಒಂದು ಕಾಲಕ್ಕೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದಲ್ಲಿ ಫಸಲಿ 1329ರಲ್ಲಿ, ಎಂದರೆ ಕ್ರಿಸ್ತಶಕ 1919ರ ಸುಮಾರಿನಲ್ಲಿ, ಹಿಜಡಾ ಜನರನ್ನು ಕುರಿತು ಒಂದು ಕಾಯಿದೆ ಹುಟ್ಟಿತು. ಅವರಲ್ಲಿ ಸಂಶಯಕ್ಕೆ ಗುರಿಯಾದವರ ಹೆಸರನ್ನೂ ವಾಸಸ್ಥಳವನ್ನೂ ದಾಖಲೆಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹಾಗೆ ದಾಖಲಾದವರು ಸ್ತ್ರೀವೇಷದಿಂದ ಬೀದಿಯಲ್ಲಿ ಕಾಣಿಸಿಕೊಂಡರೆ, ಕುಣಿತ ವಾದ್ಯಗಳಲ್ಲಿ ತೊಡಗಿದರೆ, ವಾರಂಟಿಲ್ಲದೆ ಬಂಧಿಸುವ ಅವಕಾಶವಿತ್ತು. ತೆಲಂಗಾಣದ ಉಚ್ಚ ನ್ಯಾಯಾಲಯವು ಆ ಕಾಯಿದೆಯನ್ನು ಸಂವಿಧಾನವಿರೋಧಿಯೆಂದು ತಳ್ಳಿಹಾಕಿದ್ದು 2023ರಲ್ಲಿ. ಬೀದಿಯಲ್ಲಿ ನಡೆಯುವುದೇ ಅಪರಾಧವಾಗಿದ್ದ ಜನರಿಗೆ ಬೀದಿಯಲ್ಲಿ ನಡೆಯುವುದೇ ಉತ್ಸವವಾದರೆ ಅದರಲ್ಲಿ ಆಶ್ಚರ್ಯವೇನು?

ಇಲ್ಲಿ ಅಹಂಕಾರಕ್ಕೂ ಅಭಿಮಾನಕ್ಕೂ ಇರುವ ಅಂತರವನ್ನು ವಿವೇಚಿಸಬೇಕು. ‘ನಿನಗಿಂತ ನಾನು ಮೇಲು’ ಎಂಬುದು ಅಹಂಕಾರ. ‘ನಿನಗಿಂತ ನಾನು ಕೀಳಲ್ಲ’ ಎಂಬುದು ಅಭಿಮಾನ. ಮೊದಲನೆಯದು ಕಳೆಯಬೇಕಾದ ಕೊಳೆ. ಎರಡನೆಯದು ಉಳಿಸಿಕೊಳ್ಳಬೇಕಾದ ಉಸಿರು. ಕಲ್ಯಾಣದಲ್ಲಿ ಸಮಗಾರ ಹರಳಯ್ಯನೂ ಡೋಹರ ಕಕ್ಕಯ್ಯನೂ ತಮ್ಮ ಕಾಯಕದ ಹೆಸರನ್ನು ಮರೆಮಾಚಿ ಶರಣರಾಗಲಿಲ್ಲ. ಆ ಹೆಸರಿನೊಡನೆಯೇ ಶರಣರಾದರು. ಅದನ್ನು ಅಹಂಕಾರವೆಂದು ಯಾರೂ ಅನ್ನರು.

ಜೇಡರ ದಾಸಿಮಯ್ಯನು ಒಂದು ವಚನದಲ್ಲಿ, ಹೆಣ್ಣು ಗಂಡೆಂಬ ಹೆಸರು ದೇಹದ ಕುರುಹುಗಳಿಂದ ಬಂದದ್ದು, ಆತ್ಮಕ್ಕೆ ಆ ಭೇದವಿಲ್ಲವೆಂಬ ತತ್ತ್ವವನ್ನು ಸಾರಿದ್ದಾನೆ. ಇದನ್ನು ಬಲ್ಲ ಕೆಲವರು, ‘ಆತ್ಮಕ್ಕೆ ಭೇದವಿಲ್ಲವಾದರೆ ದೇಹದ ಗುರುತನ್ನು ಬೀದಿಯಲ್ಲಿ ಸಾರುವುದೇಕೆ?’ ಎಂದು ಕೇಳುವುದುಂಟು. ಪ್ರಶ್ನೆ ಸರಿಯಾದುದೇ. ಆದರೆ ದೇಹವನ್ನು ಮರೆಯುವ ಸೌಭಾಗ್ಯವು ಯಾರ ದೇಹವನ್ನು ಲೋಕವು ಕೆಣಕುವುದಿಲ್ಲವೋ ಅವರಿಗೆ ಮಾತ್ರ ಸುಲಭ. ದಿನವೂ ಸಂತೆಯಲ್ಲಿ, ಬಸ್‌ನಿಲ್ದಾಣದಲ್ಲಿ ನಗೆಗೀಡಾಗುವವನಿಗೆ ‘ದೇಹವನ್ನು ಮರೆ’ ಎಂದು ಬೋಧಿಸುವುದಕ್ಕಿಂತ ನಗುವವನಿಗೆ ಬೋಧಿಸುವುದು ಮೊದಲ ಧರ್ಮ.

ಇನ್ನು ಭಾಗವಹಿಸುವಿಕೆ ಮತ್ತು ಪ್ರಾತಿನಿಧ್ಯದ ವಿಚಾರ. ಒಂದು ಸಭೆಗೆ ಈ ಸಮುದಾಯದ ಒಬ್ಬರನ್ನು ಕರೆದು, ಶಾಲು ಹೊದಿಸಿ, ಹಾರ ಹಾಕಿ, ಚಿತ್ರ ತೆಗೆಸಿಕೊಂಡರೆ ಪ್ರಾತಿನಿಧ್ಯ ಸಂದಿತೆಂದು ತಿಳಿಯುವವರಿದ್ದಾರೆ. ಆದರೆ ಒಬ್ಬರ ಬಾಯಿ ಎಲ್ಲರ ಅಳಲನ್ನು ಹೇಳಲಾರದು. ಹಳ್ಳಿಯ ಜೋಗತಿಯ ಕಷ್ಟ ಬೇರೆ, ನಗರದ ವಿದ್ಯಾವಂತ ಸಲಿಂಗಪ್ರೇಮಿಯ ಕಷ್ಟ ಬೇರೆ. ಅನುಭವ ಮಂಟಪದ ಹಿರಿಮೆಯು ಅಲ್ಲಿ ಕಾಯಕಕ್ಕೊಬ್ಬರಂತೆ ಜನ ಕುಳಿತಿದ್ದರೆಂಬುದರಲ್ಲಿಲ್ಲ. ಕುಳಿತವರ ಮಾತಿಗೆ ತೂಕವಿತ್ತೆಂಬುದರಲ್ಲಿದೆ. ಆಯ್ದಕ್ಕಿ ಲಕ್ಕಮ್ಮನು ಹೆಚ್ಚಿನ ಅಕ್ಕಿ ತಂದ ಪತಿಯನ್ನೇ ತಿದ್ದಿದಳು; ಆ ಮಾತು ನಿಂತಿತು. ಮದ್ದಳೆ ಬಾರಿಸುತ್ತಿದ್ದನೆಂದು ಕಥೆಗಳು ಹೇಳುವ ಅಲ್ಲಮನು ಮದ್ದಳೆಗಾರರ ಪರವಾಗಿ ಅಲ್ಲ, ಸಮಸ್ತ ಗೋಷ್ಠಿಗೇ ಅಧ್ಯಕ್ಷನಾಗಿ ಶೂನ್ಯಪೀಠವನ್ನೇರಿದನು.

ಇದಕ್ಕೆ ಸಮೀಪದ ನಿದರ್ಶನವು ಈ ಕಾಲದಲ್ಲಿಯೂ ಉಂಟು. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ಪದ್ಮಶ್ರೀ ಅವರಿಗೆ ಸಂದಿತು. ಅವರು ತಮ್ಮ ಸಮುದಾಯಕ್ಕಾಗಿ ಮೀಸಲಿಟ್ಟ ಮೂಲೆಯಲ್ಲಿ ಕೂಡಲಿಲ್ಲ; ನಾಡಿನ ಎಲ್ಲ ಜನಪದ ಕಲೆಗಳ ಹೊಣೆ ಹೊತ್ತರು. ಪ್ರಾತಿನಿಧ್ಯವು ಪೂರ್ಣವಾಗುವುದು ಹೀಗೆ, ಅನ್ಯರ ಕಾರ್ಯವನ್ನೂ ನಡೆಸುವ ಪೀಠ ದೊರೆತಾಗ.

ರಾಜ್ಯದ ಕಾನೂನು ತಿರುಗಿದ ಬಗೆಯೂ ಗಮನಾರ್ಹ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿದ 36-ಎ ಕಲಮು ನಿಜಾಮರ ಕಾಲದ ದಾಖಲೆಪುಸ್ತಕವನ್ನೇ ನೆನಪಿಗೆ ತರುವಂತಿತ್ತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗಿಗಳ ಹಕ್ಕನ್ನು ಮನ್ನಿಸಿತು. 2018ರಲ್ಲಿ ವಯಸ್ಕರ ಸಮ್ಮತಿಯ ಸಲಿಂಗಪ್ರೇಮವು ಅಪರಾಧವಲ್ಲವೆಂದಿತು. 2021ರಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ತೃತೀಯ ಲಿಂಗಿಗಳಿಗೆ ಶೇಕಡಾ 1ರ ಮೀಸಲಾತಿಯನ್ನು ನೀಡಿತು. ಸಂಶಯಿತರ ಪಟ್ಟಿಯಿಂದ ನೌಕರರ ಪಟ್ಟಿಗೆ ಬರಲು ಹತ್ತು ವರ್ಷ ಹಿಡಿಯಿತು.

ಆದರೆ ಕಾನೂನು ಕಚೇರಿಯ ಬಾಗಿಲನ್ನು ತೆರೆಯಬಲ್ಲದು, ಮನೆಯ ಬಾಗಿಲನ್ನಲ್ಲ. ಔರಾದದ ಯುವಕನೊಬ್ಬನು ಸುಮಾರು 700 ಕಿಲೋಮೀಟರು ಪಯಣಿಸಿ, ತನ್ನನ್ನು ಯಾರೂ ಅರಿಯದ ಬೆಂಗಳೂರಿನ ಬೀದಿಯಲ್ಲಿ ಮಾತ್ರ ತಲೆಯೆತ್ತಿ ನಡೆಯಬಲ್ಲನೆಂದರೆ, ಆ ಉತ್ಸವವು ಅವನಿಗೆ ಒಂದು ದಿನದ ಬಿಡುಗಡೆ, ಅವನ ಊರಿಗೆ ವರ್ಷವಿಡೀ ಕಳಂಕ. ‘ನೆಂಟರು ಏನೆಂದಾರು, ಮನೆತನದ ಗತಿಯೇನು’ ಎಂಬ ತಂದೆತಾಯಿಯರ ಭಯ ಸುಳ್ಳಲ್ಲ. ಅದನ್ನು ಹೀಯಾಳಿಸಲೂ ಬಾರದು. ಆದರೆ ನೆಂಟರ ಬಾಯಿಗೆ ಅಂಜಿ ಮಗುವನ್ನು ಬೀದಿಗೆ ಬಿಟ್ಟ ಮನೆಯಲ್ಲಿ ಉಳಿಯುವ ಮಾನ ಯಾವುದು?

ದಾಸೋಹದ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕುಳಿತು ಉಣ್ಣುವುದು, ಬಾಡಿಗೆಗೆ ಮನೆ ಕೊಡುವುದು, ಕಾಯಕಕ್ಕೆ ಕರೆಯುವುದು, ಮಾತು ಮುಗಿಯುವವರೆಗೆ ಕೇಳುವುದು: ಸದ್ಗೃಹಸ್ಥನಿಂದ ಆಗಬೇಕಾದುದು ಇಷ್ಟೇ. ಬಸವಕಲ್ಯಾಣವನ್ನು ಮಡಿಲಲ್ಲಿಟ್ಟುಕೊಂಡ ಜಿಲ್ಲೆಗೆ ಇದು ಹೊಸ ಪಾಠವಲ್ಲ. ‘ನಮ್ಮವರು’ ಎಂಬ ಮಾತನ್ನು ಉತ್ಸವದ ವೇದಿಕೆಯಲ್ಲಿ ಆಡುವುದು ಸುಲಭ. ಮನೆಯ ಹೊಸ್ತಿಲ ಮೇಲೆ ನಿಂತು ಆಡುವವನೇ ಅದರ ಅರ್ಥವನ್ನು ಬಲ್ಲವನು.