ರಕ್ತದಲ್ಲಿ ಬಂದದ್ದು ಯಾರ ತಪ್ಪು?



ಕ್ಯಾನ್ಸರ್ ಎಂಬ ಪದವನ್ನು ಗಟ್ಟಿಯಾಗಿ ಉಚ್ಚರಿಸುವವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕಡಿಮೆ. 'ಆ ಕಾಯಿಲೆ' ಎಂದು ದನಿ ತಗ್ಗಿಸಿ ಹೇಳುವುದೇ ವಾಡಿಕೆ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದರೆ ಅಷ್ಟನ್ನೂ ಹೇಳುವುದಿಲ್ಲ. ತಾಯಿಯನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದೊಯ್ಯುವವರು ನೆರೆಮನೆಯವರಿಗೆ 'ನೆಂಟರ ಮನೆಗೆ' ಎಂದು ಹೇಳಿ ಬಸ್ಸು ಹತ್ತುತ್ತಾರೆ. ಅಂಥವರು ಗುರುಗಳ ಬಳಿ ಬಂದಾಗ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಸ್ವಾಮಿ, ನಾವು ಯಾವ ಪಾಪ ಮಾಡಿದ್ದೆವು?" ಇದಕ್ಕೆ ಉತ್ತರ ಹುಡುಕುವ ಮುನ್ನ ಜೀವಕೋಶದ ಒಳಗೆ ಒಮ್ಮೆ ಇಣುಕಿ ನೋಡುವುದು ಒಳಿತೆಂದು ನನ್ನ ಅನಿಸಿಕೆ.

ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ಬಲ್ಲವರಿಗೆ ಈ ವಿಷಯ ಬೇಗ ಅರ್ಥವಾದೀತು. ಶಿಂಷಾ ನದಿಯ ನೀರನ್ನು ಏರಿ ಕಟ್ಟಿ ನಿಲ್ಲಿಸಿದ ದೊಡ್ಡ ಕೆರೆ ಅದು. ನೀರು ಜೀವವನ್ನು ಪೋಷಿಸುವುದು ನಿಜ. ಆದರೆ ತಡೆಯಿಲ್ಲದ ನೀರು ಊರನ್ನೇ ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಕೆರೆಗೆ ತೂಬು ಬೇಕು, ಕೋಡಿ ಬೇಕು, ಇವೆರಡನ್ನೂ ಕಾಯುವ ನೀರುಗಂಟಿ ಬೇಕು. ಯಾವಾಗ ತೂಬು ಎತ್ತಬೇಕು, ಯಾವಾಗ ಇಳಿಸಬೇಕು, ಏರಿಯಲ್ಲಿ ಎಲ್ಲಿ ಏಡಿ ಬಿಲ ಕೊರೆದಿದೆ ಎಂಬುದನ್ನು ಆತ ಬಲ್ಲ. ತುಮಕೂರು ಜಿಲ್ಲೆಯ ಅನೇಕ ಕೆರೆಗಳು 2022ರ ಮಳೆಯಲ್ಲಿ ತುಂಬಿ ಕೋಡಿ ಬಿದ್ದಾಗ ಇಂಥ ಕಾವಲಿನ ಬೆಲೆ ಏನೆಂಬುದು ಎಲ್ಲರಿಗೂ ನೆನಪಾಯಿತು.

ನಮ್ಮ ಶರೀರದಲ್ಲಿ ಸುಮಾರು ಮೂವತ್ತು ಲಕ್ಷ ಕೋಟಿ ಜೀವಕೋಶಗಳಿವೆ. ಅವು ಬೆಳೆಯಬೇಕು, ಒಡೆದು ಎರಡಾಗಬೇಕು. ಇಲ್ಲವಾದರೆ ಗಾಯ ಮಾಯುವುದಿಲ್ಲ, ಮಗು ದೊಡ್ಡದಾಗುವುದಿಲ್ಲ. ಆದರೆ ಬೆಳವಣಿಗೆಗೆ 'ಸಾಕು' ಎನ್ನುವವರೂ ಇರಬೇಕಲ್ಲವೇ? ಆ ಕೆಲಸಕ್ಕೆಂದೇ ಕೆಲವು ವಂಶವಾಹಿಗಳಿವೆ. ಅವುಗಳನ್ನು ಗಡ್ಡೆ ತಡೆಯುವ ವಂಶವಾಹಿಗಳೆಂದು ಕರೆಯಬಹುದು. ಆರ್‌ಬಿ ಎಂಬುದು ಜೀವಕೋಶ ಇಬ್ಭಾಗವಾಗುವ ಮೊದಲೇ ಬಾಗಿಲಲ್ಲಿ ನಿಂತು ತಡೆಯುತ್ತದೆ. ಬಿಆರ್‌ಸಿಎ ಎಂಬ ಹೆಸರಿನ ಎರಡು ವಂಶವಾಹಿಗಳು ತುಂಡಾದ ಡಿಎನ್‌ಎಯನ್ನು ಬೆಸೆಯಲು ನೆರವಾಗುತ್ತವೆ. ಪಿ53 ಎಂಬುದರ ಕಾರ್ಯ ಇನ್ನೂ ಗಂಭೀರವಾದದ್ದು. ಡಿಎನ್‌ಎಗೆ ಪೆಟ್ಟಾಗಿದ್ದರೆ ಅದು ಕೋಶದ ಬೆಳವಣಿಗೆಯನ್ನು ನಿಲ್ಲಿಸಿ ದುರಸ್ತಿಗೆ ಕಾಲಾವಕಾಶ ಕೊಡುತ್ತದೆ. ದುರಸ್ತಿ ಸಾಧ್ಯವಿಲ್ಲವೆಂದು ಕಂಡರೆ ಆ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಇಡೀ ದೇಹ ಉಳಿಯಲೆಂದು ಒಂದು ಕೋಶ ಸದ್ದಿಲ್ಲದೆ ಪ್ರಾಣ ಬಿಡುತ್ತದೆ. ಇದು ನಮ್ಮೊಳಗೆ ದಿನವೂ ನಡೆಯುತ್ತಿದೆ, ನಮಗೆ ತಿಳಿಯುವುದೇ ಇಲ್ಲ.

ಈ ಪಿ53ರ ಕಥೆ ಸ್ವಾರಸ್ಯವಾದದ್ದು. 1979ರಲ್ಲಿ ಇದು ಪತ್ತೆಯಾದಾಗ ಕ್ಯಾನ್ಸರ್ ಕೋಶಗಳಲ್ಲಿ ಹೇರಳವಾಗಿ ಕಂಡದ್ದರಿಂದ ಇದೇ ರೋಗಕ್ಕೆ ಕಾರಣವಿರಬೇಕೆಂದು ಭಾವಿಸಿದರು. ಅದು ವಾಸ್ತವದಲ್ಲಿ ರಕ್ಷಕನೆಂದು ಸ್ಪಷ್ಟವಾದದ್ದು 1989ರಲ್ಲಿ. ಹತ್ತು ವರ್ಷ ಕಳ್ಳನೆಂಬ ಹೆಸರು ಹೊತ್ತಿದ್ದ ಕಾವಲುಗಾರ! ಮನುಷ್ಯನ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಕಾವಲುಗಾರನೇ ಹಾಳಾಗಿರುತ್ತಾನೆ. ನಮ್ಮ ಬಂಡೀಪುರ, ನಾಗರಹೊಳೆಯ ಆನೆಗಳಿಗೆ ಅಷ್ಟು ದೊಡ್ಡ ದೇಹವಿದ್ದರೂ ಕ್ಯಾನ್ಸರ್ ವಿರಳ. ನಮಗೆ ತಂದೆ ತಾಯಿಗಳಿಂದ ಒಂದೊಂದರಂತೆ ಬರುವ ಪಿ53 ಆನೆಗೆ ಇಪ್ಪತ್ತು ಪಟ್ಟು ಇದೆಯೆಂದು 2015ರಲ್ಲಿ ವಿಜ್ಞಾನಿಗಳು ತೋರಿಸಿದರು. ಸೃಷ್ಟಿಯ ಔದಾರ್ಯ ಎಲ್ಲರಿಗೂ ಒಂದೇ ಅಳತೆಯಲ್ಲಿಲ್ಲ ಎಂದು ಯಾರಾದರೂ ಮುನಿಸಿಕೊಂಡರೆ ನಾನು ವಾದಿಸಲಾರೆ.

ಈಗ ಪಾಪದ ಪ್ರಶ್ನೆಗೆ ಬರೋಣ. ಚಿಕ್ಕ ಮಕ್ಕಳ ಕಣ್ಣಿನ ಒಳಪರೆಯಲ್ಲಿ ಹುಟ್ಟುವ ಒಂದು ಗಡ್ಡೆಯಿದೆ. ಹದಿನೈದರಿಂದ ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುವ ಕಾಯಿಲೆ ಅದು. ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್ ಇಂಥ 48 ರೋಗಿಗಳ ವಿವರಗಳನ್ನು ಪರಿಶೀಲಿಸಿ 1971ರಲ್ಲಿ ಒಂದು ಸರಳ ವಿಚಾರವನ್ನು ಮುಂದಿಟ್ಟರು. ಪ್ರತಿ ಕೋಶದಲ್ಲಿ ಕಾವಲುಗಾರರು ಇಬ್ಬರು: ತಾಯಿ ಕೊಟ್ಟವನೊಬ್ಬ, ತಂದೆ ಕೊಟ್ಟವನೊಬ್ಬ. ಒಬ್ಬ ಬಿದ್ದರೂ ಇನ್ನೊಬ್ಬ ಕಾಯುತ್ತಾನೆ. ಇಬ್ಬರೂ ಬಿದ್ದಾಗ ಮಾತ್ರ ಗಡ್ಡೆಗೆ ದಾರಿಯಾಗುತ್ತದೆ. ಕೆಲವು ಮಕ್ಕಳು ಹುಟ್ಟುವಾಗಲೇ ಒಬ್ಬನನ್ನು ಕಳೆದುಕೊಂಡಿರುತ್ತಾರೆ, ಆದ್ದರಿಂದ ಅವರಿಗೆ ರೋಗ ಬೇಗ ಬರುತ್ತದೆ, ಅನೇಕ ವೇಳೆ ಎರಡೂ ಕಣ್ಣಿಗೆ ಬರುತ್ತದೆ. ಆರ್‌ಬಿ ವಂಶವಾಹಿ 1986ರಲ್ಲಿ ಕೈಗೆ ಸಿಕ್ಕಾಗ ನಡ್ಸನ್ ಹೇಳಿದ್ದು ನಿಜವೆಂದು ತಿಳಿಯಿತು. ಏರಿ ಒಂದೆಡೆ ಒಡೆದರೆ ಸಾಕು, ಕೆರೆ ಬರಿದಾಗುತ್ತದೆ. ಜೀವಕೋಶಕ್ಕೆ ಎರಡು ಪೆಟ್ಟು ಬೇಕು. ಕೆರೆಯ ಹೋಲಿಕೆ ಇಲ್ಲಿಗೆ ಮುಗಿಯಿತು.

ಹುಟ್ಟಿನಿಂದಲೇ ಈ ಕೊರತೆಯಿರುವ ಮಕ್ಕಳಲ್ಲಿಯೂ ಹೆಚ್ಚಿನವರ ತಂದೆ ತಾಯಿಗಳಿಗೆ ಆ ದೋಷ ಇರುವುದೇ ಇಲ್ಲ. ಅಂಡಾಣುವೋ ವೀರ್ಯಾಣುವೋ ರೂಪುಗೊಳ್ಳುವಾಗ ಡಿಎನ್‌ಎಯ ನಕಲಿನಲ್ಲಿ ಒಂದು ಅಕ್ಷರ ತಪ್ಪಿರುತ್ತದೆ, ಅಷ್ಟೆ. ತಾಯಿ ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೂ, ಅಜ್ಜ ಹರಕೆ ತೀರಿಸದೆ ಹೋದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ವಿಚಾರಿಸಿದಾಗ ಯೇಸುಸ್ವಾಮಿ ಇಬ್ಬರನ್ನೂ ಬಿಡುಗಡೆ ಮಾಡಿದ್ದನ್ನು ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಎರಡು ಸಾವಿರ ವರ್ಷಗಳಿಂದ ಅದನ್ನು ಓದುತ್ತಿದ್ದರೂ ನಾವು ಸೊಸೆಯ ತವರಿನತ್ತ ಬೆರಳು ತೋರಿಸುವುದನ್ನು ಬಿಟ್ಟಿಲ್ಲ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ ದೋಷವು ತಾಯಿಯಿಂದ ಬರುವಷ್ಟೇ ಸಹಜವಾಗಿ ತಂದೆಯಿಂದಲೂ ಬರುತ್ತದೆ. ತಂದೆಗೆ ಏನೂ ಆಗದಿರಬಹುದು, ಆದರೆ ಮಗಳಿಗೆ ದಾಟುವ ಸಂಭವ ಅರ್ಧಕ್ಕರ್ಧ.

ಒಟ್ಟು ಕ್ಯಾನ್ಸರುಗಳಲ್ಲಿ ಹೀಗೆ ವಂಶದಿಂದ ಬರುವಂಥವು ನೂರಕ್ಕೆ ಐದರಿಂದ ಹತ್ತು ಮಾತ್ರ. ಉಳಿದವುಗಳಲ್ಲಿ ಕಾವಲುಗಾರರು ಬೀಳುವುದು ನಾವು ಬದುಕುತ್ತಿರುವಾಗ: ವಯಸ್ಸಿನಿಂದ, ಆಕಸ್ಮಿಕದಿಂದ, ಕೆಲವೊಮ್ಮೆ ನಮ್ಮ ಕೈಯಾರೆ. ತಂಬಾಕಿನ ಹೊಗೆಯಲ್ಲಿರುವ ಒಂದು ರಾಸಾಯನಿಕ ಪಿ53ರ ಯಾವ ಜಾಗಗಳಿಗೆ ಅಂಟಿಕೊಳ್ಳುತ್ತದೆಂದು 1996ರಲ್ಲಿಯೇ ತೋರಿಸಿದ್ದಾರೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಪಿ53 ಹೆಚ್ಚಾಗಿ ಕೆಡುವ ಜಾಗಗಳೂ ಅವೇ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆ ತೋಟಗಳ ನಡುವೆ ಬದುಕುವ ಗುಬ್ಬಿಯ ಜನರಿಗೆ ಇದು ಹಿತವಾದ ಸುದ್ದಿಯಲ್ಲ. ಬೆಳೆಗಾರನನ್ನು ಅಪರಾಧಿಯೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ, ಆದರೆ ದವಡೆಯಲ್ಲಿ ಅಡಿಕೆ ಇಟ್ಟುಕೊಂಡೇ ಮಲಗುವವರಿಗೆ ಇದನ್ನು ಹೇಳದೆ ಇರುವುದೂ ಸರಿಯಲ್ಲ.

ಹೇಳುವುದು, ಹೇಳದಿರುವುದು: ನಿಜವಾದ ನೈತಿಕ ಪ್ರಶ್ನೆ ಇರುವುದು ಇಲ್ಲಿಯೇ. ವಂಶವಾಹಿ ಹೇಗೆ ಬಂತೆಂಬುದರಲ್ಲಿ ಯಾರ ಆಯ್ಕೆಯೂ ಇಲ್ಲ. ಅದು ಇದೆಯೆಂದು ತಿಳಿದ ಮೇಲೆ ಮುಚ್ಚಿಡುವುದು ಆಯ್ಕೆ. ಗುಟ್ಟು ಕಾಯುವುದು ಗುರುಗಳ ಜೀವನದ ಒಂದು ಭಾಗ, ಅದರ ಬೆಲೆ ನಮಗೆ ತಿಳಿದಿದೆ. ರೋಗಿಯ ಗುಟ್ಟನ್ನು ಕೆದಕಲು ಊರಿಗೆ ಯಾವ ಹಕ್ಕೂ ಇಲ್ಲ. ಆದರೆ ಒಡಹುಟ್ಟಿದವರು ಊರಿನವರಲ್ಲ. ಅಕ್ಕನಿಗೆ ಬಿಆರ್‌ಸಿಎ1 ದೋಷವಿದ್ದರೆ ತಂಗಿಗೂ ಇರುವ ಸಂಭವ ಅರ್ಧದಷ್ಟು. ಇದ್ದರೆ, ಎಂಬತ್ತು ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಸುಮಾರು ಎಪ್ಪತ್ತು. ಗೊತ್ತಿದ್ದರೆ ಆಕೆ ಇಪ್ಪತ್ತೈದು ಮೂವತ್ತರ ವಯಸ್ಸಿನಿಂದಲೇ ವರ್ಷವರ್ಷ ತಪಾಸಣೆ ಮಾಡಿಸಿಕೊಳ್ಳಬಹುದು. ಕಣ್ಣಿನ ಗಡ್ಡೆ ಬಂದಿದ್ದ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊದಲ ವಾರಗಳಲ್ಲೇ ವೈದ್ಯರಿಗೆ ತೋರಿಸಿದರೆ ಜೀವ ಉಳಿಯುವುದಲ್ಲದೆ ಎಷ್ಟೋ ಸಲ ದೃಷ್ಟಿಯೂ ಉಳಿಯುತ್ತದೆ. ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ ತಡಮಾಡಬಾರದು. ತಂಗಿಗೆ ಸಲ್ಲಬೇಕಾದ ಈ ತಿಳಿವಳಿಕೆಯನ್ನು ಮಾನಕ್ಕೆ ಅಂಜಿ ತಡೆಹಿಡಿಯುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ.

"ಹೇಳಿದರೆ ಮಗಳ ಸಂಬಂಧ ಮುರಿಯುತ್ತದೆ, ಆಗ ಯಾರು ಹೊಣೆ?" ಎಂದು ತಾಯಿ ಕೇಳಿದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆಕೆಯ ಭಯ ಕಾಲ್ಪನಿಕವಲ್ಲ, ಅದನ್ನು ಹುಟ್ಟಿಸಿದವರು ನಾವೇ. ಇಂಥ ವಂಶವಾಹಿ ವಿವಾಹಕ್ಕೆ ಅಡ್ಡಿಯೆಂದು ಧರ್ಮಸಭೆಯ ಕಾನೂನು ಎಲ್ಲಿಯೂ ಹೇಳಿಲ್ಲ. ಅಡ್ಡಿಯಾಗುವುದು ಗಂಡಿನ ಮನೆಯವರ ಪಿಸುಮಾತು. ಮದುವೆಯಾಗುವ ಇಬ್ಬರು ಪರಸ್ಪರ ತಿಳಿದಿರಬೇಕಾದದ್ದು ಬೇರೆ, ದಲ್ಲಾಳಿಯ ಬಾಯಲ್ಲಿ ಊರೂರು ಸುತ್ತುವುದು ಬೇರೆ. ಮುಂದಿನ ಸಲ ನಿಮ್ಮ ಮಗನಿಗೆ ಹೆಣ್ಣು ನೋಡಲು ಹೋದಾಗ ಆ ಮನೆಯವರು ಧೈರ್ಯದಿಂದ ಇಂಥ ಸತ್ಯವೊಂದನ್ನು ಹೇಳಿದರೆ, ಕಾಫಿ ಲೋಟ ಕೆಳಗಿಟ್ಟು ಎದ್ದು ಬರುವಿರಾ?

ವೈದ್ಯರ ಬಳಿಗೆ ಹೋಗುವ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ತಂದೆಯ ಕಡೆ, ತಾಯಿಯ ಕಡೆ, ಎರಡೂ ಕಡೆಯ ಮೂರು ತಲೆಮಾರಿನ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾರಿಗೆ ಯಾವ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಬಂತೆಂದು ಹಿರಿಯರನ್ನು ಕೇಳಿ ಗುರುತು ಹಾಕಿ. ಹೆಸರೋ ಇಸವಿಯೋ ನೆನಪಾಗದಿದ್ದರೆ ನಿಮ್ಮ ಧರ್ಮಕೇಂದ್ರದ ಜ್ಞಾನಸ್ನಾನ ಮತ್ತು ಮರಣದ ದಾಖಲೆ ಪುಸ್ತಕಗಳಿವೆ. ಭಾನುವಾರ ಬಲಿಪೂಜೆಯ ನಂತರ ಕಚೇರಿಗೆ ಬಂದು ಕೇಳಿ, ಗುರುಗಳು ತೆಗೆದು ತೋರಿಸುತ್ತಾರೆ.